ಅವ್ವ ನುಂಗಿದ ಕ್ಯಾಮೆರಾ

4 ಫೆಬ್ರವರಿ 2013
ಒಂಬತ್ತಕ್ಕ ಅಂಗಡಿ ತಗದೆ. ಬನಹಟ್ಟಿ ಸ್ಟ್ಯಾಂಡಿನ ಮುಂದ ಮೂರು ಮೆಡಿಕಲ್ ಅದಾವು, ಗದ್ದಲ ನನ್ನದರಾಗ. ಮಗ್ಗದ ಮಂದಿ ನನಗ ಡಾಕ್ಟರ್ ಅಂತಾರ. ಅನ್ನಲಿ. ಡಿ.ಫಾರ್ಮ್ ಮಾಡಿ ಹದಿನೆಂಟು ವರ್ಷ ಆತು, ಮಾರಿ ನೋಡಿ ಹೇಳತೇನಿ ಏನಾಗೈತಿ ಅಂತ.

ಅವ್ವಗ ಸುಸ್ತು. ಹಿಮೋಗ್ಲೋಬಿನ್ ಏಳು. ಐರನ್ ಗುಳಿಗಿ ಚಾಲೂ ಮಾಡೇನಿ. ಸಂಡಾಸ ಕರ್ರಗ ಆಗತೈತಿ ಅಂದಳು. ಐರನ್ ತಗೊಂಡ್ರ ಹಂಗ ಆಗೂದು, ಅಂಜಬ್ಯಾಡ ಅಂದೆ. ಅಂಜನಾ ಅಡಗಿಮನಿಯಿಂದ — "ಐರನ್ನಕಿಂತ ಮೊದಲನೂ ಕರ್ರಗ ಇತ್ತಲ್ರೀ." ನನ್ನ ಹೆಂಡತಿ ಯಾವಾಗ ಫಾರ್ಮಸಿ ಓದಿದಳೋ!

19 ಫೆಬ್ರವರಿ, ಮಿರಜ ದವಾಖಾನಿ
ಅವ್ವನ ಹಿಮೋಗ್ಲೋಬಿನ್ ಆರಕ್ಕ ಇಳದೈತಿ. ಎರಡು ಬಾಟ್ಲಿ ರಕ್ತ ಏರಿಸ್ಯಾರ. ಬಾಯಿಂದ ಪೈಪ್ ಹಾಕಿ ನೋಡಿದ್ರು, ಹಿಂದಿನಿಂದ ಹಾಕಿ ನೋಡಿದ್ರು — ಎರಡೂ ಸ್ವಚ್ಛ. ಮತ್ತ ರಕ್ತ ಎಲ್ಲಿಂದ ಹೊಂಟೈತಿ? ಸಣ್ಣ ಕರುಳಿನಾಗ ಇರಬೇಕಂತ. ಅಲ್ಲಿತನಾ ಪೈಪ್ ಮುಟ್ಟೂದಿಲ್ಲ. ಕ್ಯಾಮೆರಾ ಇದ್ದ ಗುಳಿಗಿ ನುಂಗಬೇಕು.

ಬ್ಯಾರೆ ಔಷಧ ಏನರ ತಗೋತಾರೇನು ಅಂತ ಡಾಕ್ಟರಮ್ಮ ಕೇಳಿದ್ರು. ಐರನ್ ಅಷ್ಟ ರೀ ಅಂದೆ. ಅವ್ವನ ಮೊಣಕಾಲಿಗೆ ನಾ ಕೊಡೂ ನೋವಿನ ಗುಳಿಗಿ ಹೇಳಲಿಲ್ಲ. ಅದೇನು ಔಷಧನ? ನಮ್ಮ ಊರಾಗ ಚಾದ ಜೋಡಿ ತಗೋತಾರ.

ಕ್ಯಾನ್ಸರ್ ಇದ್ರ ಅಂತ ಅಂಜನಾ ಕೇಳಿದಳು. ಬಾಯಿ ಮುಚ್ಚು ಅಂದೆ. ನನಗೂ ಅಂಜಿಕಿ ಐತಿ, ಖರೆ.

27 ಫೆಬ್ರವರಿ, ಮುಂಜಾನಿ 8
ನುಂಗಿದಳು! ಮೊದಲ ಅಂಗೈಯಾಗ ಇಟಗೊಂಡು ನೋಡಿದಳು. ಮಿಣಮಿಣ ಲೈಟ್. "ಪರಮ್ಯಾ, ಒಳಗ ಹೋದಮ್ಯಾಗ ಕರೆಂಟ್ ಹ್ವಾದ್ರ?" ನರ್ಸಿಗೆ ನಗಿ ತಡಿಯಲಿಲ್ಲ.

ಸೊಂಟಕ್ಕ ಪಟ್ಟಿ, ಪಟ್ಟ್ಯಾಗ ರೆಕಾರ್ಡರ್. ಎಂಟು ತಾಸು ಕಟಗೊಂಡಿರಬೇಕು. ಅಡ್ಡಾಡ್ರಿ ಅಂದದ್ದ ತಡ, ವಾರ್ಡಿನ ಮಂದಿಗೆಲ್ಲಾ ತೋರಿಸ್ಕೋತ ಹೊಂಟಾಳ — "ನನ್ನ ಹೊಟ್ಟ್ಯಾಗ ಶೂಟಿಂಗ್ ನಡದೈತ್ರಿ."

ರಕ್ತ ಎಲ್ಲಿಂದ ಹೊಂಟೈತಿ ಅನ್ನೂದು ಸಿಕ್ಕ ಸಿಗತೈತಿ. ಸಿಕ್ರ ಮುಂದಿಂದು ನಾ ನೋಡಕೋತೇನಿ.

2 ಮಾರ್ಚ್
ಕಂಪ್ಯೂಟರಿನಾಗ ತೋರಿಸಿದ್ರು. ಕ್ಯಾನ್ಸರ್ ಅಲ್ಲ. ಹುಣ್ಣು. ಒಂದಲ್ಲ ಎರಡಲ್ಲ... ರಕ್ತ ಜಿನಗಾಕತ್ತಿತ್ತು. ಸಂಡಾಸ ಕರ್ರಗ ಆಗತಿದ್ದದ್ದು ಅದಕ್ಕ.

"ನೋವಿನ ಗುಳಿಗಿ ತಗೋತೀರೇನು ತಾರವ್ವಾ?" ಡಾಕ್ಟರಮ್ಮ ಅವ್ವಗ ಕೇಳಿದ್ರು.

ನಾ ಬಾಯಿ ತಗಿಯೂದ್ರಾಗ ಅವ್ವ ಹೇಳಿಬಿಟ್ಟಳು. "ಮೂರು ವರ್ಷಾತ್ರಿ. ನನ್ನ ಮಗ ತನ್ನ ಕೈಯಾರೆ ಕೊಡತಾನ. ಒಂದ ದಿನಾ ತಪ್ಪಿಸಿಲ್ಲ." ಎಷ್ಟ ಹೆಮ್ಮಿ ಆಕಿ ಮಾರಿಮ್ಯಾಗ! ಡಾಕ್ಟರಮ್ಮ ನನ್ನ ನೋಡಿದ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಹುಣ್ಣು ಆ ನೋವಿನ ಗುಳಿಗಿಯಿಂದನ ಆಗ್ಯಾವಂತ, ಬಂದ್ ಮಾಡಿದ್ರ ಮಾಯತಾವಂತ. ಬಸ್ಸಿನಾಗ ಅವ್ವಗ ಎಲ್ಲಾ ಹೇಳಿದೆ. ತಪ್ಪ ನಂದು ಬೇ ಅಂದೆ. "ಹುಚ್ಚಪ್ಯಾ, ನೀ ಏನ ಬೇಕಂತ ಕೊಟ್ಟೀ?" ಕಿಡಕಿ ಕಡೆ ಮಾರಿ ಮಾಡಿ ಅತ್ತೆ.

21 ಮಾರ್ಚ್
ಅವ್ವನ ಹಿಮೋಗ್ಲೋಬಿನ್ ಒಂಬತ್ತು! ನಿನ್ನೆ ಬಾಜೂ ಮನಿ ಹೊಳೆವ್ವನ ಜೋಡಿ ಜಗಳಾಡಿದಳು, ಅಂದ್ರ ಆರಾಮ.

ಹತ್ತಕ್ಕ ಚನಮಲ್ಲಪ್ಪ ಬಂದ, ಮಗ್ಗದಾಂವ. ಆರು ವರ್ಷದ ಗಿರಾಕಿ. "ಸೊಂಟನೋವಿನ ಗುಳಿಗಿ ಹತ್ತು ಕೊಡ್ರಿ ಡಾಕ್ಟರ್." ಕೈ ಡಬ್ಬಿತನಾ ಹೋತು, ಹಿಂದಕ್ಕ ತಗೊಂಡೆ. ಸಂಡಾಸ ಹೆಂಗ ಆಗತೈತಿ ಅಂತ ಕೇಳಿದೆ. ಬಾಜೂಕ ನಿಂತವರು ನಕ್ರು. ಅಂವನೂ ನಕ್ಕ. "ಕರ್ರಗ್ರಿ. ಯಾಕ?"

ಯಾವಾಗಿಂದ ಅಂದೆ.

ನಗೂದು ಬಿಟ್ಟ. ಬೆರಳ ಮಡಚಿ ಹಿಂದಹಿಂದಕ್ಕ ಎಣಸಾಕ ಹತ್ತಿದ — ಶಿವರಾತ್ರಿ, ಸಂಕ್ರಾಂತಿ, ದೀಪಾವಳಿ...