ಹೊಸ್ತಿಲು ಇಳಿಸಿ

ಮರಿಯಮ್ಮನಹಳ್ಳಿ
ಶುಕ್ರವಾರ

ಕಂಟ್ರಾಕ್ಟರ್ ಶಂಭುಲಿಂಗಪ್ಪನವರಿಗೆ ನಮಸ್ಕಾರ.

ಫೋನಿನಲ್ಲಿ ಏನು ಹೇಳಿದರೂ "ಆತು ಬಿಡ್ರಿ ಅಕ್ಕಾರೆ" ಎನ್ನುತ್ತೀರಿ, ಕೆಲಸ ಮಾತ್ರ ಆಗುವುದಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಾನು ಕೇಳಿದ ಹಾಗೆ ಹೊಸ ಮನೆಗೆ ಮೆಟ್ಟಿಲ ಬದಲು ಇಳಿಜಾರು ಕಟ್ಟಿದ್ದೀರಿ. ಬಾಗಿಲನ್ನೂ ಅಗಲ ಮಾಡಿದ್ದೀರಿ. ಆಮೇಲೆ ಅದೇ ಬಾಗಿಲಿಗೆ ನಾಲ್ಕು ಬೆರಳೆತ್ತರದ ಹೊಸ್ತಿಲು ಕೂರಿಸಿದ್ದೀರಿ. ಹಾಗಾದರೆ ಇಳಿಜಾರು ಯಾರಿಗೆ, ನಿಮ್ಮ ಸಿಮೆಂಟ್ ಗಾಡಿಗೋ?

ನಿನ್ನೆ ಕೇಳಿದ್ದಕ್ಕೆ, "ಹೊಸ್ತಿಲಿಲ್ಲದ್ದು ಮನಿ ಹೆಂಗ ಆಗ್ತೈತ್ರಿ? ಅರಿಷಿಣ ಕುಂಕುಮ ಎಲ್ಲಿ ಹಚ್ತೀರಿ?" ಎಂದು ನನಗೇ ಬುದ್ಧಿ ಹೇಳಿದಿರಿ. ನೆಲಕ್ಕೆ ಹಚ್ಚುತ್ತೇನೆ. ಅದೇ ಕಲ್ಲನ್ನು ನೆಲದ ಸಮಕ್ಕೆ ಇಳಿಸಿ ಕೂರಿಸಿ, ಪೂಜೆಯನ್ನು ನಾನು ಬಗ್ಗಿ ಮಾಡಿಕೊಳ್ಳುತ್ತೇನೆ.

ನಮ್ಮ ಯಜಮಾನರು ನಿಮ್ಮೆದುರು, "ಇರ್ಲಿ ಬಿಡ್ರಿ, ನನ್ನೊಬ್ಬನ ಸಲುವಾಗಿ ಯಾಕ" ಎಂದರಂತೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಸಂಡೂರಿನ ಘಾಟಿಯಲ್ಲಿ ತಾವಿದ್ದ ಅದಿರಿನ ಲಾರಿ ಮಗುಚಿದಂದಿನಿಂದ ಅವರು ಎಲ್ಲದಕ್ಕೂ ಇರ್ಲಿ ಬಿಡ್ರಿ ಎನ್ನುತ್ತಾರೆ. ಊಟಕ್ಕೂ.

ಗೃಹಪ್ರವೇಶದ ದಿನ ನಾಲ್ಕು ಹುಡುಗರು ಬಂದು ಗಾಲಿಕುರ್ಚಿ ಸಮೇತ ಅವರನ್ನು ಎತ್ತಿ ದಾಟಿಸುತ್ತಾರೆ ಎಂದಿರಿ. ಬೇಡ. ಅವರು ತಮ್ಮ ಗಾಲಿಯನ್ನು ತಾವೇ ತಿರುಗಿಸಿಕೊಂಡು ಒಳಗೆ ಬರಲಿ. ನೀವೂ ನಮ್ಮವರೇ, ನಿಮಗೆ ಬಿಡಿಸಿ ಹೇಳಬೇಕೇ? ನಮ್ಮ ಲಿಂಗಾಯತರಲ್ಲಿ ಕುಳ್ಳಿರಿಸಿ ನಾಲ್ಕು ಜನ ಹೊರುವುದು ಸತ್ತಾಗ ಮಾತ್ರ. ಅದೂ ಮನೆಯಿಂದ ಹೊರಕ್ಕೆ.

ಸೋಮವಾರ ಕಲ್ಲು ಕೀಳಿಸಿ. ನಾನು ಎದುರಿಗೇ ನಿಂತಿರುತ್ತೇನೆ.

ಇಂತಿ,
ತ್ರಿವೇಣಿ