ಕೋವಿ ಒರೆಸುವಾಗ

ಕೊಪ್ಪ
೯ ನವೆಂಬರ್ ೨೦೨೫, ಭಾನುವಾರ

ಚಿ. ಸಂಪದಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾನೂ ನಿನ್ನ ದೊಡ್ಡಮ್ಮ ಪದ್ಮಾಕ್ಷಿಯೂ ಆರೋಗ್ಯವಾಗಿದ್ದೇವೆ. ಅವಳ ಮೊಣಕಾಲು ಮಾತ್ರ ತನ್ನದೇ ಪಂಚಾಂಗ ನೋಡಿಕೊಂಡು ನೋಯುತ್ತದೆ. ನಿನ್ನ ಲಕೋಟೆ ಬಂದು ಐದು ವಾರವಾಯಿತು. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಕಣ್ಣಿನ ಆಪರೇಷನ್ ಎಂದೆ. ಆಪರೇಷನ್ ಆದದ್ದು ನಿಜ, ಆದರೆ ಡಾಕ್ಟರು ವಾರಕ್ಕೇ ಓದಬಹುದು ಎಂದಿದ್ದರು. ಉಳಿದ ಒಂದು ತಿಂಗಳು ನಾನೇ ಸುಮ್ಮನಿದ್ದೆ. ತಪ್ಪು ನನ್ನದು.

ನಿನ್ನ ಶವಪರೀಕ್ಷೆಯ ಓದಿಗೆಂದು ನೀನು ತುಂಬುತ್ತಿರುವ ಮೂವತ್ತೊಂದು ಹಾಳೆಯನ್ನೂ ಓದಿದ್ದೇನೆ. ನಮ್ಮ ಮೂರು ತಾಲ್ಲೂಕಿನಲ್ಲಿ ಮೂವತ್ತು ವರ್ಷದಲ್ಲಿ ಕೋವಿಯಿಂದ ಸತ್ತವರು, ಸಾವಿಗೊಂದು ಹಾಳೆ. ಹದಿನೇಳನೆಯದು ನಿನ್ನ ಅಪ್ಪ ತ್ರ್ಯಂಬಕನದು. ಪಂಚನಾಮೆಯಲ್ಲಿ "ಕೋವಿ ಒರೆಸುವಾಗ ಆಕಸ್ಮಿಕವಾಗಿ ಸಿಡಿದು" ಎಂದಿದೆ. ನೀನು ಸಾವಿನ ಬಗೆಯ ಕಾಲಂ ಖಾಲಿ ಬಿಟ್ಟು ಪಕ್ಕದಲ್ಲಿ ಪೆನ್ಸಿಲಿನಿಂದ ಕೇಳಿದ್ದೀಯ: "ದೊಡ್ಡಪ್ಪ, ಆಕಸ್ಮಿಕ ಅಂತ ಬರೆಯಲೋ ಬೇರೆ ಬರೆಯಲೋ? ನಡು ಮಡಚುವ ಕೋವಿ ಒರೆಸುವಾಗ ಹೇಗೆ ಸಿಡಿಯುತ್ತದೆ?" ಅದಕ್ಕೆ ಬರುತ್ತೇನೆ. ಮೊದಲು ಉಳಿದವನ್ನು ಮುಗಿಸುತ್ತೇನೆ, ಕೈ ಸ್ವಲ್ಪ ರೂಢಿಯಾಗಲಿ.

ಇಪ್ಪತ್ತೆರಡು ಹಾಳೆಯ ಕೆಳಗೆ ಒಬ್ಬನದೇ ರುಜು ಕಂಡು ನಿಮ್ಮ ಪ್ರೊಫೆಸರಿಗೆ ಅನುಮಾನ ಬಂತೆಂದು ಬರೆದಿದ್ದೀಯ. ಅದಕ್ಕೆ ಕಾರಣ ಸಣ್ಣದು. ಈ ಕಡೆ ಲೈಸೆನ್ಸ್ ಇದ್ದ ಕೋವಿ ರಿಪೇರಿಯವ ನಾನೊಬ್ಬನೇ. ಹೆಡ್ ಕಾನ್‌ಸ್ಟೇಬಲ್ ಮರುಳಸಿದ್ದಪ್ಪ ಅಂಗಡಿ ಮುಂದೆ ಜೀಪು ನಿಲ್ಲಿಸಿದರೆ ಎಲ್ಲೋ ಕೋವಿ ಸಿಡಿದಿದೆ ಎಂದೇ ಅರ್ಥ. "ದತ್ತಣ್ಣ, ನೀನು ಮೊದಲು ಹೋಗಿ ಖಾಲಿ ಮಾಡು ಮಾರಾಯ, ಆಮೇಲೆ ನಾನು ಬರ್ತೀನಿ. ಪೆನ್ಶನ್ನಿಗೆ ನಾಲ್ಕೇ ವರ್ಷ ಇರೋದು ನಂಗೆ." ನಾನು ತೋಟಾ ತೆಗೆದು ಕೂಗುತ್ತಿದ್ದೆ, ಅವನು ಬರುತ್ತಿದ್ದ. ಅಲ್ಲಿದ್ದ ಮೇಲೆ ಪಂಚನಾಮೆಗೆ ಸಾಕ್ಷಿ ರುಜು ಹಾಕುವ ಪಂಚನೂ ನಾನೇ. ಏಳನೆಯ ಕ್ಲಾಸಿಗೆ ಸ್ಲೇಟು ಬಿಟ್ಟವನು ಗಾಯ ಓದಲು ಕಲಿತದ್ದು ಹಾಗೆ.

ನಿನ್ನ ಪುಸ್ತಕದಲ್ಲಿ ಇರುವುದೇ ಸರಿ: ಹತ್ತಿರದಿಂದ ತಾಗಿದರೆ ಒಂದೇ ತೂತು, ದೂರವಾದಷ್ಟೂ ಚರೆಯ ಸಣ್ಣ ಗುಂಡುಗಳು ಚದುರುತ್ತವೆ. ಆದ್ದರಿಂದ ಎಂಟನೆಯ ಹಾಳೆಯನ್ನು ತಿದ್ದು. ನರಸಿಂಹರಾಜಪುರದ ಹಿನ್ನೀರಿನ ಕಡೆಯದು, "ಬೇಲಿ ದಾಟುವಾಗ ಜಾರಿ ತನ್ನ ಕೋವಿಯೇ ತಾಗಿ" ಎಂದಿದೆ. ಮೈಮೇಲೆ ಚರೆ ಬಿದ್ದದ್ದು ಜರಡಿಯ ಹಾಗೆ. ತನ್ನ ಕೋವಿಯಿಂದ ಇಪ್ಪತ್ತು ಮಾರು ದೂರ ಜಾರಿ ಬೀಳುವವರು ಯಾರೂ ಇಲ್ಲ. ಹೋದ ತಿಂಗಳು ಸತ್ತವನ ಹೆಂಡತಿ ಗಿರಿಯಮ್ಮನನ್ನು ಕಂಡು ಬಂದೆ. ಎಪ್ಪತ್ತು ದಾಟಿದ್ದಾರೆ, ನಾಲಿಗೆಗೆ ಮಾತ್ರ ಇಪ್ಪತ್ತೈದು.

"ಅವತ್ತು ಸುಳ್ಳು ಬರೆದವ್ರು ನೀವೇ ಅಲ್ವಾ? ಈಗ ನಿಜ ಕೇಳೋಕೆ ಎರಡು ಬಸ್ ಹತ್ತಿ ಬಂದ್ರಾ?" ಎಂದರು.

"ಹುಡುಗಿ ಓದ್ತಿದ್ದಾಳೆ, ಅವಳಿಗೆ ಬೇಕು" ಎಂದೆ.

"ಬರ್ಕೊಳ್ಳಿ ಹಾಗಾದ್ರೆ. ಹಂದಿ ಅಂತ ಹೊಡೆದದ್ದು ನನ್ನ ತಮ್ಮನೇ. ಮೂರು ಮಕ್ಕಳನ್ನ ಸಾಕಿ ಮದುವೆ ಮಾಡಿದ್ದೂ ಅವನೇ. ಅದಕ್ಕೂ ಒಂದು ಕಾಲಂ ಇದ್ರೆ ತುಂಬಿ."

ಹೆಸರು ಹಾಕಬೇಡ. ಕಾಫಿ ಕೊಟ್ಟೇ ಕಳಿಸಿದರು. ಶೃಂಗೇರಿ ಕಡೆಯ ನಾಲ್ಕು ಹಾಳೆಯಲ್ಲಿ ನನ್ನ ತಕರಾರಿಲ್ಲ.

ಇನ್ನು ಒರೆಸುವ ವಿಷಯ. ಹಾಗೆ ಬರೆದದ್ದು ಒಟ್ಟು ಆರು. ನಾಲ್ಕು ಕೇಪಿನ ಕೋವಿಗಳು. ಮುಂದಿನಿಂದ ಮದ್ದು ತುಂಬುವಂಥವು. ಒಳಗೆ ಈಡು ಉಳಿದದ್ದು ಹೊರಗೆ ಕಾಣುವುದಿಲ್ಲ, ಒರೆಸುವಾಗ ಸಿಡಿಯಬಹುದು. ಆ ನಾಲ್ಕನ್ನೂ ಇದ್ದ ಹಾಗೇ ಬಿಡು. ಐದನೆಯದರಲ್ಲಿ ನಾನು ಇರಲಿಲ್ಲ, ಗೊತ್ತಿಲ್ಲ ಎಂದೇ ಬರೆದುಕೋ. ಆರನೆಯದು ನಿನ್ನ ಅಪ್ಪನದು.

ನಡು ಮಡಚುವ ಕೋವಿ ಒರೆಸುವಾಗ ಸಿಡಿಯುವುದಿಲ್ಲ, ಮಗಳೇ. ಒರೆಸಬೇಕಾದರೆ ಮೊದಲು ಮಡಚಿ ತೆರೆಯಬೇಕು. ತೆರೆದರೆ ತೋಟಾ ಕಣ್ಣೆದುರೇ ಇರುತ್ತದೆ. ಇದು ನನ್ನ ಅಂಗಡಿಗೆ ಬಂದುಹೋಗುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆ ದಿನ ಯಾರೂ ಕೇಳಲಿಲ್ಲ, ಹೇಳಿದವನು ನಾನಾದ್ದರಿಂದ. ಮರುಳಸಿದ್ದಪ್ಪ ಎಂದಿನಂತೆ ನನ್ನನ್ನು ಮೊದಲು ಒಳಗೆ ಕಳಿಸಿದ. ಎಣ್ಣೆ ಬಟ್ಟೆಯನ್ನೂ ಸಲಾಕೆಯನ್ನೂ ಗೂಡಿನಿಂದ ತೆಗೆದು ತ್ರ್ಯಂಬಕನ ಪಕ್ಕದಲ್ಲಿ ಇಟ್ಟವನು ನಾನು. ಆಮೇಲೆ "ಬಾ" ಎಂದು ಕೂಗಿದೆ. ಅವನು ಬಟ್ಟೆ ನೋಡಿದ, ನನ್ನನ್ನು ನೋಡಿದ, "ಹಾಗೇ ಬರೀಲಾ?" ಎಂದ. "ಬರಿ" ಎಂದೆ.

ನೀನು ಆತ್ಮಹತ್ಯೆಯವನ ಮಗಳು ಅನ್ನಿಸಿಕೊಳ್ಳಬಾರದು ಎಂದಿತ್ತು ನನಗೆ. ಅದು ಸರಿಯೋ ತಪ್ಪೋ, ಇಷ್ಟು ವರ್ಷ ಯೋಚಿಸಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ. ಯಾರೂ ನನ್ನನ್ನು ಹಾಗೆ ಮಾಡೆಂದು ಕೇಳಿರಲಿಲ್ಲ. ನಿನ್ನ ಅಮ್ಮ ವನಮಾಲಾ ಹನ್ನೆರಡನೆಯ ದಿನ ಊಟ ಬಡಿಸುತ್ತ ಮೆಲ್ಲಗೆ ಹೇಳಿದಳು, "ಭಾವಯ್ಯ, ಅವರು ಯಾವತ್ತಾದ್ರೂ ಕೋವಿ ಒರೆಸಿದ್ದುಂಟಾ? ಒರೆಸಿಕೊಡ್ತಿದ್ದದ್ದು ನೀವು." ಮತ್ತೆ ಆ ಮಾತು ಎತ್ತಲಿಲ್ಲ. ಹಾಗಾಗಿ ಅವಳಿಗೆ ಹೇಗೆ ಹೇಳಲಿ ಎಂದು ಹೆದರಬೇಡ. ನೀನು ಹೇಳುವುದು ಏನೂ ಇಲ್ಲ, ಅವಳ ಹತ್ತಿರ ಕೂತರೆ ಸಾಕು.

ಹದಿನೇಳನೆಯದನ್ನು ಆಕಸ್ಮಿಕದಿಂದ ತೆಗೆದು ಆತ್ಮಹತ್ಯೆಯ ಕಾಲಮ್ಮಿಗೆ ಹಾಕು. ಸುಳ್ಳು ಬರೆಸಿದವನು ನಾನು ಎಂದು ಯಾರಿಗಾದರೂ ಹೇಳಬೇಕಾಗಿ ಬಂದರೆ ಹೇಳು. ಈ ಪತ್ರವೇ ನನ್ನ ರುಜು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆಣದ ಕೋಣೆಯಿಂದ ಬಂದ ಮೇಲೆ ಬಿಸಿನೀರಿನಲ್ಲೇ ಸ್ನಾನ ಮಾಡಬೇಕೆಂದು ದೊಡ್ಡಮ್ಮ ಬರೆಸುತ್ತಿದ್ದಾಳೆ. ಹಿಡಿದ ಕೆಲಸ ನಿನಗೆ ಹೆಸರು ತರಲಿ, ಮನಸ್ಸನ್ನು ಕಲ್ಲು ಮಾಡದಿರಲಿ. ನೂರು ಕಾಲ ಬಾಳು.

ನಿನ್ನ ದೊಡ್ಡಪ್ಪ
ದತ್ತಮೂರ್ತಿ

ಮರೆತದ್ದು: ಚುನಾವಣೆಗೆಂದು ಸರ್ಕಾರದ ಹುಕುಮಿನಂತೆ ಎಲ್ಲರೂ ಕೋವಿಗಳನ್ನು ಸ್ಟೇಷನ್ನಿನಲ್ಲಿ ಇಡುವ ಆ ಎರಡು ಮೂರು ತಿಂಗಳಲ್ಲಿ ಒಬ್ಬರೂ ಸತ್ತಿಲ್ಲ, ಹಿಂದೆ ಕೊಟ್ಟ ಮೇಲೆ ಮತ್ತೆ ಶುರುವಾಗುತ್ತದೆ ಎಂಬುದನ್ನು ನೀನೇ ಕಂಡುಹಿಡಿದದ್ದು ಎಂದು ಖುಷಿಯಿಂದ ಬರೆದಿದ್ದೀಯ. ಹೊಸ ವಿಷಯವೇ, ಬಿಡಬೇಡ. ೨೦೦೪ರಲ್ಲಿ ಫಲಿತಾಂಶ ಬಂದು ಮೂರು ವಾರವಾದರೂ ತ್ರ್ಯಂಬಕ ತನ್ನ ಕೋವಿ ತರಲು ಹೋಗಲಿಲ್ಲ. ವನಮಾಲಾ ಅಂಗಡಿಗೆ ಬಂದು, "ಭಾವಯ್ಯ, ಅದು ಸ್ಟೇಷನ್ನಲ್ಲೇ ಇರ್ಲಿ. ಅವರಿಗೆ ನಿದ್ದೆ ಇಲ್ಲ, ಮಾತೂ ಇಲ್ಲ" ಎಂದಳು. ನಾನು ನಕ್ಕೆ. "ಗದ್ದೆಗೆ ಬರೋ ಹಂದಿಗಳಿಗೆ ನೀನೇ ಜೋಗುಳ ಹಾಡ್ತೀಯೇನು?" ಎಂದೆ. ಮಂಗಳವಾರ ಅವನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ರುಜು ಹಾಕಿಸಿ ಕೋವಿ ಬಿಡಿಸಿಕೊಟ್ಟೆ. ಎಣ್ಣೆ ಹಾಕಿ, ಒರೆಸಿ, ಮನೆಯವರೆಗೂ ತಂದುಕೊಟ್ಟೆ. ದಾರಿಯುದ್ದಕ್ಕೂ ನಾನೇ ಮಾತಾಡುತ್ತಿದ್ದೆ. ಕೋವಿ ಹಿಂದೆ ಬಂದು ಎಷ್ಟು ದಿನಕ್ಕೆ ಸಾವು ಎಂಬ ಕಾಲಮ್ಮಿನಲ್ಲಿ ಮೂರು ಎಂದು ಬರೆದುಕೋ. ತಂದುಕೊಟ್ಟವರು ಯಾರು ಎಂದು ನಿನ್ನ ಹಾಳೆ ಎಲ್ಲಿಯೂ ಕೇಳುವುದಿಲ್ಲ. ನಾನು ಎರಡು ಸಲ ಹುಡುಕಿದೆ.