ಇನ್ನೂ ಉಂಡಿಲ್ಲ

ಕೊಚ್ಕೋರ್
ಜೂನ್ 12, 2018

ಪ್ರೀತಿಯ ತಂಗಿ ಬುರುಲ್‌ಗೆ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಈ ವಯಸ್ಸಿನಲ್ಲಿ ನಿನ್ನ ಅಕ್ಕ ಪರೀಕ್ಷೆಗೆ ಓದುತ್ತಿದ್ದಳು ಎಂದರೆ ನಂಬುತ್ತೀಯಾ? ಅದೂ ಇಂಗ್ಲಿಷ್!

ಇಂಗ್ಲಿಷ್ ಮಾತಾಡಬಲ್ಲವರ ಮನೆಗೆ ಮಾತ್ರ ಇನ್ನು ಪ್ರವಾಸಿಗರನ್ನು ಕಳಿಸುವುದೆಂದು ಇಲ್ಲಿಯ ಪ್ರವಾಸೋದ್ಯಮ ಸಂಘದವರು ಹೇಳಿಬಿಟ್ಟರು. ಪ್ರವಾಸಿಗರು ಬಾರದಿದ್ದರೆ ಅವರು ತಂಗುವ ನಮ್ಮ ಗುಡಾರ ಬಿಚ್ಚಿ ಮಾರುವುದೇ ಗತಿ. ನಿನ್ನ ಭಾವನ ಸೊಂಟ ಬಿದ್ದ ಮೇಲೆ ಮನೆ ನಡೆಯುತ್ತಿರುವುದೇ ಅದರಿಂದ.

ಪಕ್ಕದ ಮನೆಯ ತೊಲ್ಕುನ್, ಶಾಲೆಯಲ್ಲಿ ಟೀಚರಾಗಿದ್ದಾಳಲ್ಲ, ಅವಳೇ ಪಾಠ ಹೇಳಿದಳು. ಇಂಗ್ಲಿಷಿನವರದು ಎಂಥ ಕಾಟ ಅಂತೀಯ! ಕೆಲಸ ಆಗಿದೆ ಎಂದರೆ ಸಾಲದು. ಆಲ್ರೆಡಿ ಆಗಿದೆಯೋ, ಜಸ್ಟ್ ಈಗ ಆಗಿದೆಯೋ, ಯೆಟ್ ಆಗಿಲ್ಲವೋ ಎಂದು ಬಾಲ ಹಚ್ಚಬೇಕು. ನಾನು ಹಿಟ್ಟು ನಾದುತ್ತ "ಹಸು ಕರೆದಿದ್ದೇನೆ, ಆಲ್ರೆಡಿ. ಒಲೆ ಹಚ್ಚಿಲ್ಲ, ಯೆಟ್" ಎಂದು ಗೊಣಗುತ್ತಿದ್ದರೆ ನಿನ್ನ ಭಾವ, "ಚಹಾನಾದ್ರೂ ಆಗಿದ್ಯೋ, ಅದಕ್ಕೂ ಯೆಟ್ಟೋ?" ಎಂದು ರೇಗಿಸುತ್ತಿದ್ದರು.

ತೊಲ್ಕುನ್ ಒಂದು ಮಾತು ಒತ್ತಿ ಹೇಳಿದ್ದಳು. "ಅಕ್ಕಾ, ಅವ್ರು ಜಸ್ಟ್ ಊಟ ಆಯ್ತು ಅಂದ್ರೆ ಆಗಿದೆ ಅಂತ್ಲೇ ಅರ್ಥ. ನಮ್ಮೋರ ತರ ಬಲವಂತ ಮಾಡೋಕೆ ಹೋಗ್ಬೇಡಿ. ಸುಮ್ನೆ ಮುಂದಿನ ಪ್ರಶ್ನೆ ಕೇಳಿ."

ಮೊನ್ನೆ ಪರೀಕ್ಷಕಿ ಬಂದರು. ಹಿಲರಿ ಅಂತ, ಸ್ಕಾಟ್ಲೆಂಡಿನವರು. ಪ್ರವಾಸಿಯಂತೆ ನಟಿಸುತ್ತ ಗುಡಾರದೊಳಗೆ ಕಾಲಿಟ್ಟರು. ಊಟ ಆಯಿತೇ ಎಂದು ಸರಿಯಾಗಿಯೇ ಕೇಳಿದೆ. ಜಸ್ಟ್ ಈಗ ಆಯಿತು ಎಂದರು. ಮುಂದಿನ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೊಸ್ತಿಲು ದಾಟಿ ಬಂದವರು ರೊಟ್ಟಿ ಮುಟ್ಟದೆ ಹೋಗುವುದುಂಟೇ? ನನಗೆ ತಡೆಯಲಾಗಲಿಲ್ಲ. ತೋಳು ಹಿಡಿದು ಕೂರಿಸಿ, ರೊಟ್ಟಿ ಮುರಿದು ಬಾಯಿಯ ಹತ್ತಿರ ಒಯ್ದು, "ಇಲ್ಲ! ನೀವು ಉಂಡಿಲ್ಲ, ಯೆಟ್!" ಎಂದು ಇಂಗ್ಲಿಷಿನಲ್ಲೇ ಕೂಗಿಬಿಟ್ಟೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತೊಲ್ಕುನ್ ಹಣೆ ಚಚ್ಚಿಕೊಂಡಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಹಿಲರಿ ರೊಟ್ಟಿಗೆ ಕೆನೆ ಹಚ್ಚಿಕೊಂಡು ತಿಂದರು. ಇನ್ನೊಂದು ತುಂಡು ತಾವೇ ಮುರಿದುಕೊಂಡರು. "ಬೆಳಗ್ಗಿಂದ ಪ್ರತಿ ಮನೇಲೂ ಊಟ ಆಯ್ತು ಅಂತ ನಟಿಸ್ತಾನೇ ಬಂದೆ. ನೀವೊಬ್ರೇ ನಂಬ್ಲಿಲ್ಲ ನೋಡಿ" ಎಂದು ನಕ್ಕರು. ಅಷ್ಟು ಉದ್ದದ ಇಂಗ್ಲಿಷೂ ನನಗೆ ಅರ್ಥವಾಯಿತು! ಆಮೇಲೆ ಚಹಾ ಕುಡಿಯುತ್ತಲೇ ಪರೀಕ್ಷೆ ಮುಂದುವರಿಯಿತು.

ಪಾಸು ಕಣೇ ಬುರುಲ್! ಬಾಗಿಲಿಗೆ ಸಂಘದ ಫಲಕ ಹೊಡೆದಾಯಿತು. ಗುಡಾರ ಉಳಿಯಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ನಿನ್ನ ಭಾವ ಸಿಕ್ಕಸಿಕ್ಕವರಿಗೆಲ್ಲ "ನಮ್ಮೋಳು ಆಲ್ರೆಡಿ ಪಾಸು" ಎನ್ನುತ್ತಿದ್ದಾರೆ.

ನಿನ್ನ ಹೊಸ ಮನೆಯಲ್ಲಿ ಒಲೆ ಸದಾ ಉರಿಯಲಿ, ಮಕ್ಕಳ ನಗು ತುಂಬಿರಲಿ.

ನಿನ್ನ ಅಕ್ಕ,
ಜೂರಾ

ಮರೆತಿದ್ದೆ: ಯಾವತ್ತಾದರೂ ಅದು ಮಾಡಿದ್ದೀರಾ, ಇದು ಮಾಡಿದ್ದೀರಾ ಎಂಬ ಪ್ರಶ್ನೆಗಳೂ ಇದ್ದವು. ಸಮುದ್ರ ನೋಡಿದ್ದೀರಾ? ವಿಮಾನ ಹತ್ತಿದ್ದೀರಾ? ನೆವರ್, ನೆವರ್ ಎಂದು ನಗುತ್ತಲೇ ಹೇಳಿದೆ. ಬಿಷ್ಕೆಕ್‌ನಲ್ಲಿ ತಂಗಿಯಿದ್ದಾಳೆ ಎಂದಿದ್ದೆ; ಅವಳ ಹೊಸ ಮನೆ ನೋಡಿದ್ದೀರಾ ಎಂದರು. ಗೃಹಪ್ರವೇಶಕ್ಕೆ ಬಂದವರೆಲ್ಲರ ಫೋಟೋ ಕಳಿಸಿದ್ದೆ ನೀನು. ನನ್ನನ್ನು ಕರೆದಿರಲಿಲ್ಲ. ನೆವರ್ ಎನ್ನಲು ಬಾಯಿ ಬರಲಿಲ್ಲ. ನಾಟ್ ಯೆಟ್ ಎಂದೆ. ಹಿಲರಿ ಸರಿ ಎಂದು ಗುರುತು ಹಾಕಿಕೊಂಡರು.